ಹಾಸಿಗೆ ಹತ್ತಿ, ಹೊಕ್ಕಿಗೆ ನಾರು

(ಮೈಸೂರಿನಲ್ಲಿ ಕೈಮಗ್ಗದ ನೇಕಾರರು, ಮಹಿಳಾ ಸ್ವಸಹಾಯ ಸಂಘಗಳ ಸದಸ್ಯರು ಹಾಗೂ ಮಂಡ್ಯ ಕಡೆಯ ರೈತರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಸಭಿಕರ ಕೆಲವು ಪ್ರಶ್ನೆಗಳಿವೆ.)

ಎಲ್ಲರಿಗೂ ನಮಸ್ಕಾರ.

ವಸ್ತುಪ್ರದರ್ಶನಕ್ಕೆ ಹೋದರೆ ಬಾಳೆ ನಾರಿನ ಸೀರೆ, ಕತ್ತಾಳೆ ನಾರಿನ ಚೀಲ, ಸೆಣಬಿನ ಪರದೆ ಎಂದೆಲ್ಲ ಬೋರ್ಡು ಕಾಣುತ್ತದೆ. ಕಚ್ಚಾ ಮಾಲು ನಮ್ಮ ತೋಟದಲ್ಲೇ ಬಿದ್ದಿದೆಯಲ್ಲ, ನಾವೂ ಮಾಡೋಣ ಅಂತ ಹೊರಟವರು ಕಡಿಮೆಯಿಲ್ಲ. ಯಂತ್ರ ತರುತ್ತಾರೆ, ನಾರು ತೆಗೆಯುತ್ತಾರೆ, ಮಗ್ಗಕ್ಕೆ ಏರಿಸುತ್ತಾರೆ. ಮೊಳ ನೇಯುವಷ್ಟರಲ್ಲಿ ಹತ್ತಾರು ಎಳೆ ಕಡಿದಿರುತ್ತದೆ. ಆಮೇಲೆ ಯಂತ್ರ ಮೂಲೆ ಸೇರುತ್ತದೆ, ನಾರನ್ನು ಹೂ ಕಟ್ಟುವವರಿಗೆ ಕೊಟ್ಟು ಕೈತೊಳೆದುಕೊಳ್ಳುತ್ತಾರೆ.

ಇದರಲ್ಲಿ ನಾರಿನ ತಪ್ಪಿಲ್ಲ. ಅದನ್ನು ಹಾಸಿಗೆ, ಅಂದರೆ ಮಗ್ಗದ ಮೇಲೆ ಉದ್ದಕ್ಕೆ ಬಿಗಿದಿರುವ ಎಳೆಗಳಿಗೆ, ಹಾಕಿದ್ದು ತಪ್ಪು. ನಮ್ಮ ಸೀಮೆಯ ಗಿಡದ ನಾರುಗಳಲ್ಲಿ ಹತ್ತಿಯೊಂದನ್ನು ಬಿಟ್ಟರೆ ಮಿಕ್ಕವು ಹೊಕ್ಕಿನಲ್ಲಿ, ಅಂದರೆ ಲಾಳಿಯಿಂದ ಅಡ್ಡಕ್ಕೆ ಹಾಯಿಸುವ ಎಳೆಯಲ್ಲಿ, ಚೆನ್ನಾಗಿ ಕೆಲಸ ಮಾಡುತ್ತವೆ, ಹಾಸಿನಲ್ಲಿ ಮಾಡುವುದಿಲ್ಲ. ಇನ್ನೊಂದು ಮಾತು: ನಾರಿನ ಬಟ್ಟೆಯ ಹಣೆಬರಹ ಮಗ್ಗಕ್ಕೆ ಬರುವ ಮುಂಚೆಯೇ, ನೀರಿನಲ್ಲಿ ತೀರ್ಮಾನವಾಗಿರುತ್ತದೆ. ಇವತ್ತು ಈ ಎರಡರ ಬಗ್ಗೆ ಮಾತ್ರ ಹೇಳುತ್ತೇವೆ. ಪರಂಪರೆ, ಸಂಸ್ಕೃತಿ ಇವನ್ನೆಲ್ಲ ಹೇಳುವವರು ಬೇಕಾದಷ್ಟು ಜನ ಇದ್ದಾರೆ.

ಹಾಸು ಯಾಕೆ ಕಡಿಯುತ್ತದೆ

ಮಗ್ಗದ ಮೇಲೆ ಹಾಸಿನ ಎಳೆ ಸುಮ್ಮನೆ ಕೂತಿರುವುದಿಲ್ಲ. ಪ್ರತಿ ಸಲ ಕಾಲಡಿಯ ಹಲಗೆ ತುಳಿದಾಗ ಅರ್ಧ ಎಳೆಗಳು ಮೇಲೇಳುತ್ತವೆ, ಅರ್ಧ ಕೆಳಗಿಳಿಯುತ್ತವೆ, ನಡುವೆ ಲಾಳಿ ಓಡುತ್ತದೆ. ಹಾಗೆ ಮೇಲೆ ಕೆಳಗೆ ಆಗುವಾಗ ಎಳೆ ಒಂದಿಷ್ಟು ಹಿಗ್ಗಲೇಬೇಕು. ಅದರ ಮೇಲೆ ಅಚ್ಚು, ಅಂದರೆ ಎಳೆಗಳನ್ನು ಬಿಡಿಸಿಟ್ಟು ಹೊಕ್ಕನ್ನು ಬಡಿದು ಕೂರಿಸುವ ಬಾಚಣಿಗೆಯಂಥ ಚೌಕಟ್ಟು, ಹಿಂದೆ ಮುಂದೆ ಓಡಾಡಿ ಉಜ್ಜುತ್ತದೆ. ಬಟ್ಟೆಯೊಳಗೆ ಸೇರುವ ಮುಂಚೆ ಒಂದೇ ಜಾಗ ನೂರಾರು ಸಲ ಹಿಗ್ಗಿ, ಉಜ್ಜಿಸಿಕೊಂಡಿರುತ್ತದೆ.

ಹತ್ತಿಯ ನಾರು ಕಡಿಯುವ ಮುಂಚೆ ಶೇ 6ರಿಂದ 8ರಷ್ಟು ಹಿಗ್ಗುತ್ತದೆ. ಬಾಳೆ ನಾರು ಶೇ 2–3 ಹಿಗ್ಗುವಷ್ಟರಲ್ಲೇ ತುಂಡಾಗುತ್ತದೆ. ಹಸಿರೆಲೆ ಗೊಬ್ಬರಕ್ಕೆ ಬೆಳೆಯುವ ಅಪ್ಸೆಣಬಿನ ನಾರೂ ಹೆಚ್ಚುಕಡಿಮೆ ಅದೇ ಜಾತಿ. ಎಳೆದು ನೋಡಿದರೆ ಬಾಳೆ ನಾರು ಹತ್ತಿಗಿಂತ ಗಟ್ಟಿ ಅನಿಸುತ್ತದೆ, ಹಾಗಾಗಿ ಜನ ಮೋಸ ಹೋಗುತ್ತಾರೆ. ಗಟ್ಟಿತನ ಬೇರೆ, ಹಿಗ್ಗುವ ಗುಣ ಬೇರೆ. ತೆಂಗಿನ ನಾರು ಹತ್ತಿಗಿಂತ ಹೆಚ್ಚು ಹಿಗ್ಗುತ್ತದೆ, ಆದರೆ ಅದು ದಪ್ಪ, ಒರಟು. ಕಾಲೊರಸಿಗೆ, ಹಗ್ಗಕ್ಕೆ ಸರಿ, ಮೈಮೇಲೆ ಹಾಕುವ ಬಟ್ಟೆಗಲ್ಲ.

ಹೊಕ್ಕಿನ ಎಳೆಗೆ ಈ ಕಷ್ಟ ಇಲ್ಲ. ಒಮ್ಮೆ ಹಾದುಹೋಗಿ, ಒಂದೆರಡು ಬಡಿತ ತಿಂದು ಕೂತುಬಿಡುತ್ತದೆ. ಆದ್ದರಿಂದ ಸೂತ್ರ ಸರಳ: ಹಾಸು ಹತ್ತಿಯದು, ಹೊಕ್ಕು ನಾರಿನದು.

ಜಪಾನಿನ ಓಕಿನಾವಾದಲ್ಲಿ ಕಿಜೋಕಾ ಎಂಬ ಊರಿದೆ. ಅಲ್ಲಿ ಹಾಸು ಹೊಕ್ಕು ಎರಡನ್ನೂ ಬಾಳೆಯಿಂದಲೇ ಮಾಡುತ್ತಾರೆ. 1974ರಲ್ಲಿ ಅಲ್ಲಿನ ಸರ್ಕಾರ ಆ ನೇಯ್ಗೆಗೆ ದೊಡ್ಡ ಮಾನ್ಯತೆ ಕೊಟ್ಟಿದೆ. ಆದರೆ ಅದು ಹಣ್ಣಿನ ಬಾಳೆಯಲ್ಲ, ನಾರಿಗೆಂದೇ ಬೆಳೆಸುವ ಬೇರೆ ಜಾತಿ. ಕಾಂಡ ಬುಡದಿಂದ ತುದಿಯವರೆಗೆ ಒಂದೇ ದಪ್ಪ ಇರಲಿ ಅಂತ ಮೂರು ವರ್ಷದ ಉದ್ದಕ್ಕೂ ಎಲೆ, ಸುಳಿ ಸವರುತ್ತಾರೆ. ಪಟ್ಟೆಯನ್ನು ಬೂದಿ ನೀರಿನಲ್ಲಿ ಬೇಯಿಸಿ, ಎಳೆ ಎಳೆ ಸೀಳಿ, ಗಂಟು ಹಾಕಿ ನೂಲು ಮಾಡುತ್ತಾರೆ. ಗಾಳಿಯಲ್ಲಿ ತೇವ ಇದ್ದಾಗಷ್ಟೇ ನೇಯುತ್ತಾರೆ. ಬಾಳೆಗೊನೆ ಕಡಿದ ಮೇಲೆ ಉಳಿದ ದಿಂಡಿನಿಂದ ಆ ಬಟ್ಟೆ ಬರುತ್ತದೆ ಅಂತ ಇಲ್ಲಿ ಯಾರಾದರೂ ಹೇಳಿದರೆ ನಂಬಬೇಡಿ.

ಅಪ್ಸೆಣಬು: ಗೊಬ್ಬರದ ಗಿಡವೇ ನೂಲಿನ ಗಿಡ

ಮಂಡ್ಯದ ರೈತರಿಗೆ ಇದರ ಪರಿಚಯ ಹೇಳಬೇಕಿಲ್ಲ. ನಾಲೆಗೆ ನೀರು ಬಿಡುವ ಮುಂಚೆ ಅಪ್ಸೆಣಬೋ ಡಯಾಂಚವೋ ಚೆಲ್ಲಿ, ಮೊಗ್ಗು ಬಂದ ಹೊತ್ತಿಗೆ, ಅಂದರೆ 45 ದಿನದ ಆಸುಪಾಸಿನಲ್ಲಿ, ಉತ್ತು ಗದ್ದೆಗೆ ಸೇರಿಸುವುದು ರೂಢಿ. ಅದೇ ಗಿಡವನ್ನು 90 ದಿನ ಬಿಟ್ಟರೆ ನಾರು ಬರುತ್ತದೆ. 1800–01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಇದರ ಬೇಸಾಯವನ್ನೂ ಗೋಣಿ ನೇಯುವವರ ಕಸುಬನ್ನೂ ಬರೆದಿಟ್ಟಿದ್ದಾನೆ. ಬಂಗಾಳದ ಗಿರಣಿಗಳಿಂದ ಜೂಟಿನ ಗೋಣಿಚೀಲ ಬಂದ ಮೇಲೆ ಇಲ್ಲಿನ ಗೋಣಿ ಮಗ್ಗಗಳು ಹೋದವು. ಆ ಜೂಟನ್ನೂ ಅಂಗಡಿಯಲ್ಲಿ ಸೆಣಬು ಅಂತಲೇ ಮಾರುತ್ತಾರೆ. ನಾವು ಹೇಳುತ್ತಿರುವುದು ಹಳದಿ ಹೂವಿನ ಅಪ್ಸೆಣಬಿನ ಬಗ್ಗೆ.

ನಾರಿಗೆ ಬೆಳೆಯುವಾಗ ಬಿತ್ತನೆ ದಟ್ಟವಾಗಿರಬೇಕು. ತೆಳುವಾಗಿ ಬಿತ್ತಿದರೆ ಗಿಡ ಕವಲೊಡೆಯುತ್ತದೆ, ಕವಲಿದ್ದಲ್ಲೆಲ್ಲ ನಾರು ಹರಿಯುತ್ತದೆ. ಹೂವು ಹೋಗಿ ಕಾಯಿ ಕಚ್ಚುವಾಗ ಬುಡದಿಂದ ಕೊಯ್ಯಿರಿ. ಅದಕ್ಕಿಂತ ಮುಂಚೆ ಕೊಯ್ದರೆ ನಾರು ನಯ, ಆದರೆ ತೂಕವಿಲ್ಲ. ಕಾಯಿ ಬಲಿತ ಮೇಲೆ ಕೊಯ್ದರೆ ಒರಟು, ಸಿಪ್ಪೆ ಬಿಡುವುದೇ ಇಲ್ಲ. ಕೊಯ್ದದ್ದನ್ನು ಎರಡು ಮೂರು ದಿನ ಹೊಲದಲ್ಲೇ ಹರಡಿಬಿಡಿ, ಎಲೆ ಉದುರಲಿ.

ಆಮೇಲೆ ಕೊಳೆ ಹಾಕುವ ಕೆಲಸ. ಬಹಳ ಮಂದಿ ಕೆಡಿಸಿಕೊಳ್ಳುವುದು ಇಲ್ಲಿಯೇ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇವೆ. ಸಿಪ್ಪೆಯಲ್ಲಿರುವ ನಾರನ್ನು ಒಳಗಿನ ಕಡ್ಡಿಗೆ ಅಂಟಿಸಿರುವುದು ಒಂದು ಬಗೆಯ ಅಂಟು. ನೀರಿನಲ್ಲಿರುವ ಸೂಕ್ಷ್ಮಜೀವಿಗಳು ಮೊದಲು ಅಂಟನ್ನು ತಿನ್ನುತ್ತವೆ. ಅದು ಮುಗಿದ ಮೇಲೂ ನೀರಿನಲ್ಲೇ ಬಿಟ್ಟರೆ ನಾರನ್ನೇ ತಿನ್ನಲು ಶುರುಮಾಡುತ್ತವೆ. ಈ ಎರಡರ ನಡುವೆ ಸಿಗುವ ಅವಕಾಶ ಒಂದೋ ಒಂದೂವರೆಯೋ ದಿನ, ಅಷ್ಟೇ.

ಕಟ್ಟನ್ನು ಮೊದಲು ಬುಡ ಮಾತ್ರ ಮುಳುಗುವಂತೆ ಒಂದು ದಿನ ನಿಲ್ಲಿಸಿ. ಬುಡದ ಸಿಪ್ಪೆ ದಪ್ಪ, ಅದಕ್ಕೆ ಹೆಚ್ಚು ಹೊತ್ತು ಬೇಕು. ಮಾರನೆಯ ದಿನ ಪೂರ್ತಿ ಮಲಗಿಸಿ, ನೀರು ಕಟ್ಟಿನ ಮೇಲೆ ಒಂದು ಗೇಣಿನಷ್ಟು ನಿಲ್ಲುವಂತೆ ಕಲ್ಲು ಹೇರಿ. ಮಣ್ಣಿನ ಹೆಂಟೆಯನ್ನೋ ಬಾಳೆ ದಿಂಡನ್ನೋ ಹೇರಬೇಡಿ. ಎರಡರಿಂದಲೂ ನಾರು ಕಪ್ಪಾಗುತ್ತದೆ, ಆಮೇಲೆ ಏನು ತೊಳೆದರೂ ಹೋಗುವುದಿಲ್ಲ. ನೀರು ನಿಂತ ನೀರಾಗಿರಬೇಕು. ಹರಿಯುವ ನಾಲೆಯಲ್ಲಿ ಹಾಕಿದರೆ ಸೂಕ್ಷ್ಮಜೀವಿಗಳು ನಿಲ್ಲುವುದಿಲ್ಲ, ಸಿಪ್ಪೆ ಬಿಡಲು ತಡವಾಗುತ್ತದೆ, ಜೊತೆಗೆ ಕೆಳಗಿನ ಊರಿನವರ ಬೈಗುಳ ಬೇರೆ. ಮೀನು ಬಿಟ್ಟಿರುವ ಕೆರೆಯಲ್ಲೂ ಬೇಡ. ಕೊಳೆಯುವಾಗ ನೀರಿನ ಆಮ್ಲಜನಕವೆಲ್ಲ ಖರ್ಚಾಗಿ ಮೀನು ಸಾಯುತ್ತವೆ.

ಒಳ್ಳೆಯ ದಾರಿ ಸಿಮೆಂಟಿನ ತೊಟ್ಟಿ. 10 ಅಡಿ ಉದ್ದ, 4 ಅಡಿ ಅಗಲ, ಎರಡೂವರೆ ಅಡಿ ಆಳದ್ದಾದರೆ ಸುಮಾರು 2,800 ಲೀಟರ್ ಹಿಡಿಯುತ್ತದೆ. ಅದಕ್ಕೆ 150 ಕೆಜಿ ಹಸಿ ಕಡ್ಡಿ ಹಾಕಬಹುದು. ಅದಕ್ಕಿಂತ ಹೆಚ್ಚು ತುರುಕಿದರೆ ನೀರು ಬೇಗ ಹುಳಿಯಾಗಿ ಹೊರಗಿನ ಕಡ್ಡಿ ಅತಿಯಾಗಿ ಕೊಳೆತು ನಡುವಿನದು ಹಸಿಯಾಗೇ ಉಳಿಯುತ್ತದೆ. ಬೇಸಿಗೆಯಲ್ಲಿ ನಾಲ್ಕೈದು ದಿನ, ಚಳಿಗಾಲದಲ್ಲಿ ಎಂಟು ಹತ್ತು ದಿನ. ದಿನ ಎಣಿಸಿ ಕೂರಬೇಡಿ. ಮೂರನೆಯ ದಿನದಿಂದ ಬೆಳಿಗ್ಗೆ ಸಂಜೆ ಕಟ್ಟಿನ ನಡುವಿನಿಂದ ಒಂದು ಕಡ್ಡಿ ಎಳೆದು, ಬುಡವನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಜಾರಿಸಿ ನೋಡಿ. ಸಿಪ್ಪೆ ಕಾಲುಚೀಲದಂತೆ ಜಾರಿ ಕಡ್ಡಿ ಬೆಳ್ಳಗೆ ಹೊರಬಂದರೆ ಅದೇ ಹೊತ್ತಿಗೆ ಎಲ್ಲವನ್ನೂ ಎತ್ತಿ. ಸಂಜೆ ಹದವಾಗಿದ್ದರೆ ಬೆಳಿಗ್ಗೆ ಎತ್ತೋಣ ಎಂದುಕೊಳ್ಳಬೇಡಿ.

ಕಡ್ಡಿ ಬಿಡಿಸಿ, ಒಳ್ಳೆಯ ನೀರಿನಲ್ಲಿ ಎರಡು ಮೂರು ಸಲ ಜಾಲಿಸಿ, ತಂತಿಗೆ ಹಾಕಿ ನೆರಳಿನಲ್ಲಿ ಒಣಗಿಸಿ. ತಂತಿ ತುಕ್ಕು ಹಿಡಿದಿರಬಾರದು. 150 ಕೆಜಿಗೆ 5 ಕೆಜಿ ಆಸುಪಾಸು ಒಣ ನಾರು ಸಿಗುತ್ತದೆ. ತೊಟ್ಟಿಯ ನೀರು ನಾರುತ್ತದೆ, ಆದರೆ ಗಿಡಕ್ಕೆ ಒಳ್ಳೆಯದು. ತೆಂಗಿನ ಬುಡಕ್ಕೆ ಬಿಡಿ.

ಒಣಗಿದ ನಾರು ಹಾಗೇ ನೂಲಾಗುವುದಿಲ್ಲ. ಒಂದು ಕೆಜಿ ನಾರಿಗೆ 250 ಮಿಲಿ ನೀರು, 30 ಮಿಲಿ ಕೊಬ್ಬರಿ ಎಣ್ಣೆ, ಚೂರು ಸೋಪು ಕಲಕಿ ಹಾಲಿನಂತೆ ಮಾಡಿ ಚಿಮುಕಿಸಿ, ಒದ್ದೆ ಗೋಣಿ ಮುಚ್ಚಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಮೊಳೆ ಹೊಡೆದ ಹಲಗೆಯ ಮೇಲೆ ಬಾಚಿದರೆ ಸಲೀಸಾಗಿ ಬಿಡಿಸಿಕೊಳ್ಳುತ್ತದೆ. ಎಣ್ಣೆ ಹೆಚ್ಚಾದರೆ ತಿಂಗಳೊಪ್ಪತ್ತಿನಲ್ಲಿ ಕಮಟು ವಾಸನೆ ಬರುತ್ತದೆ, ಬಣ್ಣವೂ ಹಿಡಿಯುವುದಿಲ್ಲ. ರಾಟೆಯಲ್ಲಿ ನೂಲುವಾಗ ಬೆರಳು ಒದ್ದೆಯಿರಲಿ. ಒಂಟಿ ಎಳೆಗೆ ಬಲಕ್ಕೆ ಹುರಿ ಕೊಟ್ಟಿದ್ದರೆ ಎರಡು ಸೇರಿಸುವಾಗ ಎಡಕ್ಕೆ ಕೊಡಬೇಕು. ಇಲ್ಲದಿದ್ದರೆ ನೂಲು ಕೈಬಿಟ್ಟ ಕೂಡಲೇ ಸುತ್ತಿಕೊಂಡು ಗಂಟಾಗುತ್ತದೆ.

ಬಾಳೆ

ದೇವರಾಜ ಮಾರುಕಟ್ಟೆಯಲ್ಲಿ ಮಲ್ಲಿಗೆ ಕಟ್ಟುವವರ ಮುಂದೆ ಒಂದು ಬಟ್ಟಲು ನೀರು ಇದ್ದೇ ಇರುತ್ತದೆ. ಒಣಗಿದ ಬಾಳೆ ಪಟ್ಟೆಯನ್ನು ಅದ್ದಿ, ಉಗುರಿನಲ್ಲಿ ಸೀಳಿ, ಒದ್ದೆಯಿರುವಾಗಲೇ ಕಟ್ಟುತ್ತಾರೆ. ಒಣಗಿದ ನಾರನ್ನು ಬಗ್ಗಿಸಿದರೆ ಮುರಿಯುತ್ತದೆ, ಒದ್ದೆಯಾದರೆ ದಾರದಂತೆ ಮಣಿಯುತ್ತದೆ. ನೇಕಾರರು ಬಾಳೆಯ ಬಗ್ಗೆ ಕಲಿಯಬೇಕಾದ್ದರಲ್ಲಿ ಅರ್ಧ ಆ ಬಟ್ಟಲಿನಲ್ಲಿದೆ.

ಗೊನೆ ಕಡಿದ ಒಂದೆರಡು ದಿನದೊಳಗೆ ನಾರು ತೆಗೆಯಬೇಕು. ತಡವಾದರೆ ಒಳಗಿನ ರಸ ಗಾಳಿಗೆ ಕಂದುಗಟ್ಟುತ್ತದೆ. ಕಾಂಡದ ಹೊರಗಿನ ಮೂರು ನಾಲ್ಕು ಪಟ್ಟೆ ಒರಟು, ಅವು ಹಗ್ಗಕ್ಕೆ. ತೀರಾ ಒಳಗಿನವು ಬರೀ ನೀರು, ಅವನ್ನು ಪಲ್ಯ ಮಾಡುವುದೇ ವಾಸಿ. ನೂಲಿಗೆ ಬರುವುದು ನಡುವಿನ ಪಟ್ಟೆಗಳು. ನಾಲ್ಕು ಬೆರಳಗಲ ಸೀಳಿ, ಹಲಗೆಯ ಮೇಲಿಟ್ಟು ಮೊಂಡು ಅಲಗಿನಿಂದ ಒಂದೇ ದಿಕ್ಕಿಗೆ ಹೆರೆಯಬೇಕು. ಅಲಗು ಚೂಪಾದರೆ ನಾರನ್ನೇ ಕತ್ತರಿಸುತ್ತದೆ. ಕಬ್ಬಿಣದ ಅಲಗು ಬೇಡ. ಬಾಳೆ ರಸದ ಒಗರು ಕಬ್ಬಿಣಕ್ಕೆ ತಾಕಿದರೆ ಕಪ್ಪಾಗುತ್ತದೆ. ಸ್ಟೀಲು ಅಥವಾ ಬಿದಿರಿನ ಸೀಳು ಸರಿ. ಹೆರೆದ ಕೂಡಲೇ ತೊಳೆಯಿರಿ. ಬಾಳೆ ಕಲೆ ಬಟ್ಟೆಗೆ ಹಿಡಿದರೆ ಹೋಗುವುದಿಲ್ಲ ಅನ್ನುವುದು ಮನೆಮನೆಗೂ ಗೊತ್ತು, ನಾರಿಗೂ ಅದೇ ಗತಿ. ಬಿಸಿಲಿಗೆ ಹಾಕಿದರೆ ಹಳದಿ ತಿರುಗಿ ಪುಡಿಪುಡಿಯಾಗುತ್ತದೆ, ನೆರಳೇ ಆಗಬೇಕು.

ಲೆಕ್ಕ ಮೊದಲೇ ತಿಳಿದಿರಲಿ. 25 ಕೆಜಿಯ ಕಾಂಡದಿಂದ ಸಿಗುವ ಒಣ ನಾರು ಸುಮಾರು 150ರಿಂದ 250 ಗ್ರಾಂ, ಅಂದರೆ ಹೆಚ್ಚೆಂದರೆ ನೂರಕ್ಕೆ ಒಂದು ಪಾಲು. ಮಿಕ್ಕಿದ್ದೆಲ್ಲ ನೀರು ಮತ್ತು ಸಿಪ್ಪೆ. ಆದ್ದರಿಂದ ಕಾಂಡವನ್ನು ಲಾರಿಯಲ್ಲಿ ಊರಿಂದೂರಿಗೆ ಸಾಗಿಸುವ ಯೋಜನೆಗಳು ನೀರು ಸಾಗಿಸುವ ಯೋಜನೆಗಳೇ. ತೋಟದ ಬದಿಯಲ್ಲೇ ನಾರು ತೆಗೆದರೆ ಮಾತ್ರ ಗಿಟ್ಟುತ್ತದೆ.

ಒಂದೊಂದು ನಾರು ಒಂದು ಮೀಟರ್ ಆಸುಪಾಸು ಉದ್ದ. ಹತ್ತಿಯಂತೆ ಹಂಜಿ ಮಾಡಿ ನೂಲಲು ಬರುವುದಿಲ್ಲ, ಗಂಟು ಹಾಕಿಯೇ ಜೋಡಿಸಬೇಕು. ನಾರಿನ ಬುಡ ದಪ್ಪ, ತುದಿ ಸಣ್ಣ. ಬುಡಕ್ಕೆ ಬುಡ, ತುದಿಗೆ ತುದಿ ಸೇರಿಸಿ ನೇಕಾರರ ಗಂಟು ಹಾಕಿದರೆ ಎರಡೂ ಕಡೆ ಒಂದೇ ದಪ್ಪವಾಗಿ ಬಿಗಿ ನಿಲ್ಲುತ್ತದೆ. ದಪ್ಪಕ್ಕೆ ಸಣ್ಣದನ್ನು ಕಟ್ಟಿದರೆ ಸಣ್ಣದು ಜಾರುತ್ತದೆ. ಕೊನೆಯಲ್ಲಿ ಬಿಟ್ಟ ಚೂರು ಎರಡು ಮಿಲಿಮೀಟರಿಗಿಂತ ಹೆಚ್ಚಿದ್ದರೆ ಅಚ್ಚಿಗೆ ಸಿಕ್ಕಿಹಾಕಿಕೊಂಡು ಬಟ್ಟೆಯ ಮೇಲೆ ಮುಳ್ಳಿನಂತೆ ಏಳುತ್ತದೆ.

ಮಗ್ಗದ ಲೆಕ್ಕ

ಮೊದಲ ಸಲಕ್ಕೆ ಮೇಜಿನ ಮೇಲೆ ಹೊದಿಸುವ 14 ಇಂಚು ಅಗಲದ ಬಟ್ಟೆ ನೇಯ್ದು ನೋಡಿ. ಹಾಸಿಗೆ 2/20 ನಂಬರಿನ ಹತ್ತಿ ನೂಲು. 20 ನಂಬರ್ ಅಂದರೆ 840 ಗಜದ 20 ಲಡಿ ಸೇರಿ ಒಂದು ಪೌಂಡ್. ಜೋಡಿ ಎಳೆಯಾದ್ದರಿಂದ ಒಂದು ಕೆಜಿಯಲ್ಲಿ ಸುಮಾರು 16,900 ಮೀಟರ್ ಇರುತ್ತದೆ. 32 ನಂಬರಿನ ಅಚ್ಚು, ಅಂದರೆ ಎರಡು ಇಂಚಿಗೆ 32 ಮನೆ (ಅಚ್ಚಿನ ಹಲ್ಲುಗಳ ನಡುವಿನ ಸಂದು). ಮನೆಗೆ ಎರಡು ಎಳೆಯಂತೆ ಇಂಚಿಗೆ 32. 14 ಇಂಚಿಗೆ 448, ಎರಡೂ ಅಂಚಿಗೆ ನಾಲ್ಕು ನಾಲ್ಕು ಹೆಚ್ಚು ಸೇರಿಸಿ 456 ಎಳೆ. 10 ಮೀಟರ್ ಹಾಸಿಗೆ 4,560 ಮೀಟರ್ ನೂಲು, 270 ಗ್ರಾಂ. ಹಾಳಾಗುವುದನ್ನೂ ಸೇರಿಸಿ 300 ಗ್ರಾಂ ಇಟ್ಟುಕೊಳ್ಳಿ.

ಹೊಸ ಹತ್ತಿ ನೂಲಿನ ಮೇಲೆ ಮೇಣದಂಥ ಪದರ ಇರುತ್ತದೆ, ನೀರು ಹೀರುವುದಿಲ್ಲ. ಲಡಿಯನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ತುಳಿದು ಹಿಂಡಿದ ಮೇಲೆ ಗಂಜಿ. ಜೋಡಿ ಎಳೆಗೆ ಕೆಜಿಗೆ 50 ಗ್ರಾಂ ಅಕ್ಕಿ ಹಿಟ್ಟಿನ ಗಂಜಿ ಸಾಕು, ಒಂಟಿ ಎಳೆಗಾದರೆ 100–120 ಗ್ರಾಂ ಬೇಕು. ಒಂದು ಚಮಚ ಎಣ್ಣೆ ಬೆರೆಸಿದರೆ ಎಳೆ ಮೆತ್ತಗಿರುತ್ತದೆ. ಗಂಜಿ ಗಟ್ಟಿಯಾದರೆ ಎಳೆ ಕಡ್ಡಿಯಂತಾಗಿ ಅಚ್ಚಿನಡಿ ಪುಡಿ ಉದುರುತ್ತದೆ, ತೆಳ್ಳಗಾದರೆ ನೂಲು ಜುಂಗು ಏಳುತ್ತದೆ.

ಹೊಕ್ಕಿಗೆ ಗಂಟು ಹಾಕಿ ಜೋಡಿಸಿದ ಬಾಳೆ ನಾರಿನ ಎಳೆ, ಗ್ರಾಮಿಗೆ 4 ಮೀಟರ್ ಬರುವ ದಪ್ಪ. ಇಂಚಿಗೆ 16 ಹೊಕ್ಕು ಹಾಕಿದರೆ ಒಂದು ಮೀಟರ್ ಬಟ್ಟೆಗೆ 240 ಮೀಟರ್, ಅಂದರೆ 60 ಗ್ರಾಂ. 10 ಮೀಟರ್ ಹಾಸಿನಲ್ಲಿ ಮಗ್ಗದ ಎರಡು ತುದಿಗೆ ಹೋಗುವುದು, ಬಟ್ಟೆ ಕುಗ್ಗುವುದು ಕಳೆದು ಎಂಟೂವರೆ ಮೀಟರ್ ಬಟ್ಟೆ ಬರುತ್ತದೆ. 510 ಗ್ರಾಂ ನಾರು, ಚೂರುಪಾರು ಸೇರಿಸಿ 600 ಗ್ರಾಂ. ಮೂರು ನಾಲ್ಕು ಕಾಂಡದ ನಾರು ಅದು.

ಕಂಡಿಕೆ, ಅಂದರೆ ಲಾಳಿಯೊಳಗೆ ಕೂರುವ ನೂಲಿನ ಕೊಳವೆ, ಸುತ್ತುವಾಗ ತೊಂದರೆಯಾಗುತ್ತದೆ. ಬಾಳೆ ನಾರು ಸುರುಳಿಯಲ್ಲಿ ಕೂರುವುದಿಲ್ಲ, ಒಣಗಿದ ಕೂಡಲೇ ಬಿಚ್ಚಿಕೊಳ್ಳುತ್ತದೆ. ಸುತ್ತಿದ ಕಂಡಿಕೆಗಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು ಒಂದೊಂದಾಗಿ ತೆಗೆದುಕೊಳ್ಳಿ. ಹಗ್ಗ ಎಳೆದು ಲಾಳಿ ಹಾರಿಸುವ ಮಗ್ಗವಾದರೆ ವೇಗ ತಗ್ಗಿಸಿ. ಕೈಯಿಂದಲೇ ಲಾಳಿ ದಾಟಿಸಿದರೆ ಇನ್ನೂ ಒಳ್ಳೆಯದು. ಅಂಚಿನಲ್ಲಿ ನಾರು ಬಗ್ಗದೆ ಕುಣಿಕೆ ಬಿಟ್ಟರೆ ತೇವ ಸಾಲದು ಎಂದರ್ಥ. ಹೊಕ್ಕನ್ನು ಬಿಗಿ ಎಳೆಯಬೇಡಿ. ಎಳೆದರೆ ಅಂಚು ಒಳಗೆ ಸರಿದು ಪಕ್ಕದ ಹಾಸಿನ ಎಳೆಗಳು ಒಂದೊಂದಾಗಿ ಕಡಿಯುತ್ತವೆ. ಇನ್ನು ಒದ್ದೆ ನಾರಿನಿಂದ ನೇಯ್ದ ಬಟ್ಟೆಯನ್ನು ಸಂಜೆ ಹಾಗೇ ಸುತ್ತಿಟ್ಟರೆ ಬೂಷ್ಟು ಹಿಡಿಯುತ್ತದೆ. ಸುತ್ತುವ ಮುಂಚೆ ಗಾಳಿಯಾಡಿಸಿ.

ಹಳಬರು ಮಗ್ಗವನ್ನು ಗುಂಡಿಯಲ್ಲಿ ಇಟ್ಟಿದ್ದಕ್ಕೆ ಜಾಗ ಉಳಿಸುವುದಷ್ಟೇ ಕಾರಣವಲ್ಲ. ಹಾಸು ನೆಲಕ್ಕೆ ಹತ್ತಿರ ಇದ್ದರೆ ಮಣ್ಣಿನ ತೇವ ಸಿಗುತ್ತದೆ. ಗುಂಡಿ ಮಗ್ಗ ತೆಗೆದು ಸಿಮೆಂಟ್ ನೆಲದ ಮೇಲೆ ಚೌಕಟ್ಟಿನ ಮಗ್ಗ ಹಾಕಿ, ಮೇಲೆ ಶೀಟು ಹೊದಿಸಿ, ಎಳೆ ಕಡಿಯುತ್ತದೆ ಅಂತ ನೂಲನ್ನು ಬೈಯುವುದರಲ್ಲಿ ಅರ್ಥವಿಲ್ಲ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ನಮ್ಮಲ್ಲಿ ಗಾಳಿ ಒಣ. ಆ ತಿಂಗಳುಗಳಲ್ಲಿ ನೆಲಕ್ಕೆ ನೀರು ಚಿಮುಕಿಸಿ ಬೆಳಿಗ್ಗೆ ಹತ್ತರೊಳಗೆ ನಾರಿನ ಕೆಲಸ ಮುಗಿಸಿ, ಮಧ್ಯಾಹ್ನ ಬರೀ ಹತ್ತಿ ನೇಯಿರಿ. ನಾರಿಗೆ ಹೇಳಿಮಾಡಿಸಿದ ಕಾಲ ಜೂನ್‌ನಿಂದ ಸೆಪ್ಟೆಂಬರ್.

ಕತ್ತಾಳೆಯ ಬಗ್ಗೆ ಎರಡೇ ಮಾತು. ಬದುವಿನ ಮೇಲೆ ಬೇಕಾದಷ್ಟಿದೆ, ಎಲೆಯ ತೂಕದ ಶೇ 3–4ರಷ್ಟು ನಾರು ಕೊಡುತ್ತದೆ, ಕಡಿದ ದಿನವೇ ಹೆರೆಯಬೇಕು. ರಸ ಮೈಗೆ ತಾಕಿದರೆ ವಿಪರೀತ ತುರಿಕೆ, ಕೈಗವಸು ಇಲ್ಲದೆ ಮುಟ್ಟಬೇಡಿ. ಹಗ್ಗ, ಚೀಲ, ಕಾಲೊರಸು ಬಿಟ್ಟು ಬೇರೆ ಕನಸು ಅದರ ಮೇಲೆ ಕಟ್ಟಬೇಡಿ.

ಸಭಿಕರ ಪ್ರಶ್ನೆಗಳಿಂದ

ಹಾಗಾದರೆ ನಾರಿನ ಸೀರೆ ಆಗುವುದೇ ಇಲ್ಲವೇ?

ಆಗುತ್ತದೆ. ಚೆನ್ನೈ ಪಕ್ಕದ ಅನಕಾಪುತ್ತೂರಿನಲ್ಲಿ ಹತ್ತಿಯ ಜೊತೆ ಬಾಳೆ ನಾರು ಸೇರಿಸಿ ಸೀರೆ ನೇಯುತ್ತಾರೆ. ಆದರೆ ಸೀರೆ ದಿನಕ್ಕೆ ನೂರು ಸಲ ಮಡಚಿ ನೆರಿಗೆ ಹಿಡಿಯುವ ಬಟ್ಟೆ. ನಾರು ಮಡಿಕೆಯಲ್ಲೇ ಮುರಿಯುತ್ತದೆ. ಮೇಲುಕೋಟೆಯ ಪಂಚೆ, ಕೊಡಿಯಾಲದ ಸೀರೆ ನೇಯುವ ಕೈಗಳು ನಮ್ಮಲ್ಲಿವೆ. ಆ ಕೈಗಳು ನಾರಿನಲ್ಲಿ ಸೀರೆ ನೇಯುವುದಕ್ಕಿಂತ ಪರದೆ, ಮೇಜಿನ ಹಾಸು, ಚೀಲದ ಬಟ್ಟೆ, ಕುರ್ಚಿಯ ಬೆನ್ನಿನ ಬಟ್ಟೆ ನೇಯುವುದು ಮೇಲು ಅನ್ನುವುದು ನಮ್ಮ ಅಭಿಪ್ರಾಯ. ಸೀರೆಯಲ್ಲೇ ಬೇಕೆಂದರೆ ಸೆರಗಿನಲ್ಲಿ ನಾಲ್ಕು ಪಟ್ಟೆ ಹಾಕಿ.

ಅಪ್ಸೆಣಬನ್ನು ಕೊಯ್ದುಬಿಟ್ಟರೆ ಗದ್ದೆಗೆ ಗೊಬ್ಬರ ಎಲ್ಲಿಂದ ಬರಬೇಕು?

ನ್ಯಾಯವಾದ ಪ್ರಶ್ನೆ. ಸಾರಜನಕ ಹೆಚ್ಚಿರುವುದು ಎಲೆಯಲ್ಲಿ, ಕಡ್ಡಿಯಲ್ಲಿ ಕಡಿಮೆ. ಕೊಯ್ದ ಗಿಡವನ್ನು ಹೊಲದಲ್ಲೇ ಬಿಟ್ಟು ಎಲೆ ಉದುರಿಸಿ ಅಂದದ್ದು ಅದಕ್ಕೂ ಸೇರಿಯೇ. ಆದರೂ ಪೂರ್ತಿ ಉತ್ತಷ್ಟು ಲಾಭ ಮಣ್ಣಿಗೆ ಸಿಗುವುದಿಲ್ಲ, ಮೇಲಾಗಿ 45 ದಿನದ ಬದಲು 90 ದಿನ ಜಮೀನು ಕಟ್ಟಿಹಾಕಿದಂತಾಗುತ್ತದೆ. ಭತ್ತದ ನಾಟಿ ತಡವಾಗುವಂತಿದ್ದರೆ ಮಾಡಬೇಡಿ. ನೀರು ಬಾರದ ಮೇಲಿನ ತಾಕಿನಲ್ಲಿ, ಮಳೆಯಾಶ್ರಯದಲ್ಲಿ ಬೆಳೆಯಿರಿ.

ಮೊಬೈಲಿನಲ್ಲಿ ಎಂಟು ನೂರು ರೂಪಾಯಿಗೆ ಬಾಳೆ ರೇಷ್ಮೆ ಸೀರೆ ಬರುತ್ತದಲ್ಲ, ಅದು ನಿಜವೇ?

ಅಷ್ಟು ನುಣುಪಾಗಿ, ಅಷ್ಟು ಅಗ್ಗವಾಗಿ ಇದ್ದರೆ ಹೆಚ್ಚಾಗಿ ಅದು ರೇಯಾನ್, ಅಂದರೆ ಮರದ ತಿರುಳಿನಿಂದ ಕಾರ್ಖಾನೆಯಲ್ಲಿ ಮಾಡಿದ ನೂಲು, ಆಗಿರುತ್ತದೆ. ಸುಟ್ಟು ನೋಡಿದರೆ ಗೊತ್ತಾಗುವುದಿಲ್ಲ. ರೇಯಾನ್, ಹತ್ತಿ, ಬಾಳೆ ಮೂರೂ ಕಾಗದ ಸುಟ್ಟ ವಾಸನೆಯನ್ನೇ ಕೊಡುತ್ತವೆ. ಸುಟ್ಟ ಕೂದಲ ವಾಸನೆ ಬಂದರೆ ರೇಷ್ಮೆ, ಅಷ್ಟು ತಿಳಿಯುತ್ತದೆ. ಒಂದು ಎಳೆ ಬಿಚ್ಚಿ, ನಡುವೆ ಮಾತ್ರ ಎಂಜಲು ಹಚ್ಚಿ ಎರಡೂ ತುದಿ ಹಿಡಿದು ಎಳೆಯಿರಿ. ಒದ್ದೆಯಾದ ಜಾಗದಲ್ಲೇ ಸುಲಭವಾಗಿ ಹರಿದರೆ ರೇಯಾನ್, ಏಕೆಂದರೆ ಅದು ನೆನೆದರೆ ಅರ್ಧದಷ್ಟು ಬಲ ಕಳೆದುಕೊಳ್ಳುತ್ತದೆ. ಹತ್ತಿ ನೆನೆದಾಗ ಇನ್ನೂ ಗಟ್ಟಿ. ಎಳೆಯ ಹುರಿ ಬಿಚ್ಚಿದಾಗ ಗೇಣುದ್ದದ, ಸೆಟೆದುಕೊಂಡ, ಹೊಳಪಿನ ಒರಟು ನಾರು ಸಿಕ್ಕರೆ ಅದು ಬಾಳೆ.

ನೇಯ್ದದ್ದನ್ನು ಮಳೆಗಾಲದಲ್ಲಿ ಹೇಗೆ ಇಡಬೇಕು?

ಮಡಚಬೇಡಿ, ಕೊಳವೆಗೆ ಸುತ್ತಿ. ಪ್ಲಾಸ್ಟಿಕ್ ಚೀಲ ಬೇಡ, ಹಳೆಯ ಹತ್ತಿ ಪಂಚೆಯಲ್ಲಿ ಸುತ್ತಿಡಿ. ಗಂಜಿ ಉಳಿದಿರುವ ಬಟ್ಟೆಗೆ ಬೂಷ್ಟೂ ಬರುತ್ತದೆ, ಬೆಳ್ಳಿಹುಳುವೂ ಬರುತ್ತದೆ. ಆದ್ದರಿಂದ ಮಾರಲು ಕಳಿಸುವ ಮುಂಚೆ ಉಗುರುಬೆಚ್ಚಗಿನ ನೀರಿನಲ್ಲಿ ಗಂಜಿ ತೆಗೆದು, ಹಿಂಡದೆ, ಚಪ್ಪಟೆಯಾಗಿ ಹರಡಿ ನೆರಳಿನಲ್ಲಿ ಒಣಗಿಸಿ. ಹಿಂಡಿದರೆ ನಾರಿನ ಮೇಲೆ ಗೀರು ಬಿದ್ದು ಹಾಗೇ ಉಳಿದುಬಿಡುತ್ತದೆ, ಇಸ್ತ್ರಿ ಮಾಡಿದರೂ ಹೋಗುವುದಿಲ್ಲ.